ಊದುವ ವಾದ್ಯಗಳ ಚರಿತ್ರೆ: ಯಾವ ಪ್ರಶ್ನೆಗೆ ಯಾವ ಪುಸ್ತಕ?

ಕೊಳಲು, ಕ್ಲಾರಿನೆಟ್, ಸ್ಯಾಕ್ಸೊಫೋನ್, ನಾಗಸ್ವರ. ಇವುಗಳಲ್ಲಿ ಯಾವುದನ್ನೇ ನುಡಿಸುವವರಿಗೂ ಒಂದಲ್ಲ ಒಂದು ದಿನ ಕೆಲವು ಪ್ರಶ್ನೆಗಳು ಬಂದೇ ಬರುತ್ತವೆ. ಈ ವಾದ್ಯ ಎಲ್ಲಿಂದ ಬಂತು? ತೂತುಗಳು ಇಲ್ಲೇ ಯಾಕಿವೆ? ಕ್ಲಾರಿನೆಟ್ಟಿಗೆ ಅಷ್ಟೊಂದು ಕೀ (ತೂತು ಮುಚ್ಚಿ ತೆರೆಯುವ ಲೋಹದ ಸನ್ನೆ) ಯಾಕೆ, ನಮ್ಮ ಕೊಳಲಿಗೆ ಒಂದೂ ಯಾಕಿಲ್ಲ? ಫೋನಿನಲ್ಲಿ ಹುಡುಕಿದರೆ ಉತ್ತರವೇನೋ ಸಿಗುತ್ತದೆ. ಆದರೆ ಒಂದೇ ಮಾತು ಹತ್ತು ಕಡೆ ನಕಲಾಗಿರುತ್ತದೆ. ಆ ಮಾತು ಮೊದಲು ಯಾರು ಹೇಳಿದ್ದು, ಆಮೇಲೆ ಯಾರಾದರೂ ಅದನ್ನು ತಿದ್ದಿದರಾ ಎನ್ನುವುದು ಗೊತ್ತಾಗುವುದಿಲ್ಲ. ಅದಕ್ಕೇ ಪುಸ್ತಕಗಳು ಬೇಕು.

ಈ ವಿಷಯದಲ್ಲಿ 'ಇದೊಂದು ಓದಿದರೆ ಸಾಕು' ಎನ್ನುವ ಪುಸ್ತಕ ಇಲ್ಲ. ಒಂದೊಂದು ಪುಸ್ತಕ ಒಂದೊಂದು ಪ್ರಶ್ನೆಗೆ ಉತ್ತರ ಕೊಡುತ್ತದೆ. ಬರೆದವರು ಯಾರು, ಯಾವ ಕಾಲದವರು, ಬರೆಯುವಾಗ ಅವರ ಮುಂದೆ ಇದ್ದದ್ದು ನಿಜವಾದ ವಾದ್ಯವೋ, ಹಳೇ ದಾಖಲೆಯೋ, ಬರೀ ಕೇಳಿದ ಮಾತೋ? ಇಷ್ಟು ತಿಳಿದುಕೊಂಡು ಓದಿದರೆ ಎಪ್ಪತ್ತು ವರ್ಷ ಹಳೆಯ ಪುಸ್ತಕವೂ ಚೆನ್ನಾಗಿ ಕೆಲಸಕ್ಕೆ ಬರುತ್ತದೆ. ತಿಳಿಯದೆ ಓದಿದರೆ ಹೊಸ ಪುಸ್ತಕವೂ ದಾರಿ ತಪ್ಪಿಸಬಹುದು.

ಪುಸ್ತಕ ತೆರೆಯುವ ಮುಂಚೆ

ಇಂಗ್ಲಿಷ್ ಪುಸ್ತಕಗಳು 'ವುಡ್‌ವಿಂಡ್' ಎಂದು ಒಂದು ಗುಂಪು ಮಾಡುತ್ತವೆ. ಫ್ಲೂಟ್, ಓಬೋ, ಕ್ಲಾರಿನೆಟ್, ಬಸೂನ್, ಸ್ಯಾಕ್ಸೊಫೋನ್ ಎಲ್ಲ ಇದರಲ್ಲಿ ಬರುತ್ತವೆ. ಇಂದಿನ ಫ್ಲೂಟ್ ಬೆಳ್ಳಿಯದ್ದು, ಸ್ಯಾಕ್ಸೊಫೋನ್ ಹಿತ್ತಾಳೆಯದ್ದು. ಆದರೂ ಅವು ಇದೇ ಗುಂಪು. ಯಾಕೆಂದರೆ ಇಲ್ಲಿ ಲೆಕ್ಕಕ್ಕೆ ಬರುವುದು ವಾದ್ಯ ಯಾವುದರಿಂದ ಮಾಡಿದ್ದು ಎನ್ನುವುದಲ್ಲ, ಧ್ವನಿ ಹೇಗೆ ಹುಟ್ಟುತ್ತದೆ ಎನ್ನುವುದು. ಒಂದು ಅಂಚಿಗೆ ಗಾಳಿ ಬಡಿದು ಧ್ವನಿ ಹುಟ್ಟಬಹುದು, ಕೊಳಲಿನ ಹಾಗೆ. ಅಥವಾ ಊದುವ ತುದಿಯಲ್ಲಿ ಕಟ್ಟಿದ ತೆಳ್ಳನೆಯ ಪಟ್ಟಿ, ಅಂದರೆ ರೀಡ್, ಅದುರಿ ಹುಟ್ಟಬಹುದು. ಕ್ಲಾರಿನೆಟ್ಟಿಗೂ ಸ್ಯಾಕ್ಸೊಫೋನಿಗೂ ಒಂದೇ ಪದರದ ರೀಡ್. ಓಬೋ, ನಾಗಸ್ವರ, ಶಹನಾಯಿಗೆ ಎರಡು ಪದರ. ಆಮೇಲೆ ಕೊಳವೆಯ ಪಕ್ಕದ ತೂತುಗಳನ್ನು ತೆರೆದು ಮುಚ್ಚಿ ಒಳಗಿನ ಗಾಳಿಯ ಉದ್ದವನ್ನು ಬದಲಾಯಿಸುತ್ತೇವೆ, ಸ್ವರ ಬದಲಾಗುತ್ತದೆ.

ಇನ್ನೊಂದು ವಿಷಯ ತಿಳಿದಿರಬೇಕು. ಇದು ಗೊತ್ತಿಲ್ಲದಿದ್ದರೆ ಈ ಪುಸ್ತಕಗಳ ಅರ್ಧ ಅಧ್ಯಾಯಗಳು ತಲೆಗೆ ಹತ್ತುವುದಿಲ್ಲ. ಕೊಳವೆಯ ಒಳಭಾಗ ಉದ್ದಕ್ಕೂ ಒಂದೇ ಅಗಲ ಇದೆಯೋ, ಶಂಕುವಿನ ಹಾಗೆ ಅಗಲವಾಗುತ್ತಾ ಹೋಗುತ್ತದೋ ಎನ್ನುವುದು. ಓಬೋ, ಸ್ಯಾಕ್ಸೊಫೋನ್, ನಾಗಸ್ವರ ಅಗಲವಾಗುತ್ತಾ ಹೋಗುವಂಥವು. ಅದೇ ಬೆರಳಿಟ್ಟು ಮೇಲಿನ ಸ್ಥಾಯಿಗೆ ಹಾರಿಸಿದರೆ ಷಡ್ಜ ತಾರ ಷಡ್ಜವಾಗುತ್ತದೆ. ಕೊಳಲಿನಲ್ಲೂ ಹಾಗೇ, ಅದರ ಕೊಳವೆ ಎರಡೂ ಕಡೆ ಗಾಳಿಗೆ ತೆರೆದಿರುವುದರಿಂದ. ಕ್ಲಾರಿನೆಟ್ ಹಾಗಲ್ಲ. ಅದರ ಕೊಳವೆ ಬಹುಮಟ್ಟಿಗೆ ಒಂದೇ ಅಗಲ, ಊದುವ ತುದಿ ಮುಚ್ಚಿದ ಹಾಗೆ ವರ್ತಿಸುತ್ತದೆ. ಅಲ್ಲಿ ಷಡ್ಜದ ಬೆರಳಿನಲ್ಲೇ ಮೇಲಕ್ಕೆ ಹಾರಿದರೆ ಸಿಗುವುದು ತಾರ ಪಂಚಮ. ನಡುವೆ ಬಿಟ್ಟುಹೋದ ಸ್ವರಗಳನ್ನೆಲ್ಲ ಬೇರೆ ತೂತು, ಬೇರೆ ಕೀ ಹಾಕಿಯೇ ತುಂಬಬೇಕು. ಕ್ಲಾರಿನೆಟ್ಟಿನ ಮೈತುಂಬ ಕೀಗಳಿರುವುದಕ್ಕೆ ದೊಡ್ಡ ಕಾರಣ ಇದೇ.

ಈ ಶಬ್ದಶಾಸ್ತ್ರ ಇನ್ನೂ ಆಳವಾಗಿ ಬೇಕೆನ್ನುವವರಿಗೆ ಆರ್ಥರ್ ಬೆನೇಡ್ ಅವರ ಎರಡು ಪುಸ್ತಕಗಳಿವೆ. 1960ರ 'ಹಾರ್ನ್ಸ್, ಸ್ಟ್ರಿಂಗ್ಸ್ ಆಂಡ್ ಹಾರ್ಮೊನಿ' ಚಿಕ್ಕದು, ಸಾಮಾನ್ಯ ಓದುಗರಿಗಾಗಿ ಬರೆದದ್ದು. 1976ರ 'ಫಂಡಮೆಂಟಲ್ಸ್ ಆಫ್ ಮ್ಯೂಸಿಕಲ್ ಅಕೂಸ್ಟಿಕ್ಸ್' ದಪ್ಪ, ಆದರೆ ಅದರಲ್ಲೂ ಗಣಿತಕ್ಕಿಂತ ವಿವರಣೆಯೇ ಜಾಸ್ತಿ.

ಮೊದಲ ಪುಸ್ತಕ

ಒಂದೇ ಪುಸ್ತಕ ಕೊಳ್ಳಲು ಕಾಸಿದೆ ಎಂದರೆ ನಾನು ಹೇಳುವುದು ಆಂಥನಿ ಬೇನ್ಸ್ ಅವರ 'ವುಡ್‌ವಿಂಡ್ ಇನ್‌ಸ್ಟ್ರುಮೆಂಟ್ಸ್ ಆಂಡ್ ದೇರ್ ಹಿಸ್ಟರಿ'. 1957ರಲ್ಲಿ ಲಂಡನ್ನಿನಲ್ಲಿ ಬಂತು. ಆಮೇಲೆ ಡೋವರ್ ಪ್ರಕಾಶನ ಮರುಮುದ್ರಣ ಮಾಡಿತು. ಹಾಗಾಗಿ ಹಳೇ ಪುಸ್ತಕದ ಅಂಗಡಿಗಳಲ್ಲೂ ಆನ್‌ಲೈನಿನಲ್ಲೂ ಕೈಗೆಟುಕುವ ಬೆಲೆಗೆ ಸಿಗುವ ಸಾಧ್ಯತೆ ಇದೆ.

ಬೇನ್ಸ್ ಲಂಡನ್ ಫಿಲ್‌ಹಾರ್ಮೋನಿಕ್ ಆರ್ಕೆಸ್ಟ್ರಾದಲ್ಲಿ ಬಸೂನ್ ನುಡಿಸುತ್ತಿದ್ದವರು. ಹಳೇ ವಾದ್ಯಗಳ ಅಧ್ಯಯನಕ್ಕೆಂದು 1946ರಲ್ಲಿ ಹುಟ್ಟಿದ ಗಾಲ್ಪಿನ್ ಸೊಸೈಟಿಯ ಸ್ಥಾಪಕರಲ್ಲಿ ಒಬ್ಬರು. ಮುಂದೆ ಆಕ್ಸ್‌ಫರ್ಡಿನ ಬೇಟ್ ವಾದ್ಯಸಂಗ್ರಹವನ್ನು ನೋಡಿಕೊಂಡವರು. ಅಂದರೆ ಹಳೇ ವಾದ್ಯಗಳನ್ನು ಗಾಜಿನ ಪೆಟ್ಟಿಗೆಯ ಆಚೆಯಿಂದ ನೋಡಿ ಬರೆದವರಲ್ಲ, ತುಟಿಗಿಟ್ಟು ಊದಿ ನೋಡಿದವರು. ಪುಸ್ತಕದ ಕಟ್ಟಣೆಯಲ್ಲೂ ಅದು ಕಾಣುತ್ತದೆ. ಮೊದಲ ಭಾಗದಲ್ಲಿ ಅವರ ಕಾಲದ ವಾದ್ಯಗಳು: ಹೇಗೆ ಮಾಡುತ್ತಾರೆ, ಬೆರಳು ಹೇಗಿಡುತ್ತಾರೆ, ರೀಡ್ ಹೇಗೆ ಕೆತ್ತುತ್ತಾರೆ. ಚರಿತ್ರೆ ಶುರುವಾಗುವುದೇ ಎರಡನೇ ಭಾಗದಲ್ಲಿ. ಈ ಕ್ರಮ ನನಗೆ ತುಂಬ ಇಷ್ಟ. ಈಗಿನ ವಾದ್ಯ ಹೇಗೆ ಕೆಲಸ ಮಾಡುತ್ತದೆ ಎಂದು ಗೊತ್ತಿದ್ದವರಿಗೆ ಮಾತ್ರ ಹಳೆಯದು ಯಾಕೆ ಹಾಗಿತ್ತು ಎನ್ನುವುದು ಅರ್ಥವಾಗುತ್ತದೆ.

ಈ ಪುಸ್ತಕಕ್ಕೆ ವಯಸ್ಸಾಗಿದೆ ಎನ್ನುವುದನ್ನೂ ಹೇಳಬೇಕು. ಎರಡು ಉದಾಹರಣೆ ನೋಡಿ. ನೈಋತ್ಯ ಜರ್ಮನಿಯ ಹೋಲೆ ಫೆಲ್ಸ್ ಗುಹೆಯಲ್ಲಿ 2008ರಲ್ಲಿ ರಣಹದ್ದಿನ ಮೂಳೆಯ ಕೊಳಲು ಸಿಕ್ಕಿತು. ಐದು ತೂತು, ಕಡಿಮೆ ಎಂದರೂ 35,000 ವರ್ಷ ಹಳೆಯದು. 1957ರಲ್ಲಿ ಬರೆದ ಯಾರಿಗೂ ಇದು ಗೊತ್ತಿರಲು ಸಾಧ್ಯವಿಲ್ಲ. ಎರಡನೆಯದು ಓಬೋ ಹುಟ್ಟಿದ ಕತೆ. ಫ್ರಾನ್ಸಿನ ಅರಮನೆಯಲ್ಲಿ, 1650ರ ದಶಕದಲ್ಲಿ, ಸಂಗೀತ ರಚನಕಾರ ಲುಲ್ಲಿಯ ಒಂದು ಬ್ಯಾಲೆಗೆ (ನೃತ್ಯನಾಟಕಕ್ಕೆ) ಹೊಸ ವಾದ್ಯ ಸಿದ್ಧವಾಯಿತು ಎನ್ನುವುದು ಹಳೇ ಪುಸ್ತಕಗಳಲ್ಲಿ ಬರುವ ವಿವರಣೆ. ಬ್ರೂಸ್ ಹೇನ್ಸ್ 2001ರಲ್ಲಿ 'ದಿ ಎಲೊಕ್ವೆಂಟ್ ಓಬೋ' ಬರೆದರು. 1640ರಿಂದ 1760ರವರೆಗಿನ ಓಬೋದ ಕತೆ ಅದು. ಚಿತ್ರಗಳು, ಸ್ವರಲಿಪಿಗಳು, ಉಳಿದಿರುವ ವಾದ್ಯಗಳು ಎಲ್ಲವನ್ನೂ ಒಟ್ಟಿಗಿಟ್ಟು ನೋಡಿ, ಈ ಬದಲಾವಣೆ ಒಂದೇ ಸಲಕ್ಕೆ ಆದದ್ದಲ್ಲ, ದಶಕಗಳ ಕಾಲ ಹಂತಹಂತವಾಗಿ ನಡೆದದ್ದು ಎಂದು ತೋರಿಸಿದರು. ಹೀಗಾಗಿ ಬೇನ್ಸ್ ಅವರನ್ನು ಓದಿ, ವಾದ್ಯದ ಬುದ್ಧಿ ಅವರಿಂದ ಕಲಿಯಿರಿ. ಇಸವಿಗಳನ್ನು ಮಾತ್ರ ಹೊಸ ಪುಸ್ತಕಗಳ ಜೊತೆ ತಾಳೆ ನೋಡಿ.

ಬೇನ್ಸ್‌ಗಿಂತ ಮುಂಚಿನದು ಆಡಮ್ ಕಾರ್ಸ್ ಅವರ 1939ರ 'ಮ್ಯೂಸಿಕಲ್ ವಿಂಡ್ ಇನ್‌ಸ್ಟ್ರುಮೆಂಟ್ಸ್'. ಇದರಲ್ಲಿ ಹಿತ್ತಾಳೆ ತುತ್ತೂರಿಗಳೂ ಸೇರಿವೆ. ಯಾವ ಕೀ ಯಾವ ಕಾಲಕ್ಕೆ ಬಂತು ಎಂದು ಒಂದೊಂದಾಗಿ ಲೆಕ್ಕ ಹಾಕುವುದರಲ್ಲಿ ಕಾರ್ಸ್ ಗಟ್ಟಿಗರು. ಓದಲು ಸ್ವಲ್ಪ ಒಣ ಎನಿಸಬಹುದು. ಆದರೆ ಅವರ ಹತ್ತಿರ ಮುನ್ನೂರಕ್ಕೂ ಹೆಚ್ಚು ಊದುವ ವಾದ್ಯಗಳ ಸ್ವಂತ ಸಂಗ್ರಹ ಇತ್ತು. ಎರಡನೇ ಮಹಾಯುದ್ಧದಲ್ಲಿ ತೀರಿಕೊಂಡ ಮಗನ ನೆನಪಿಗೆ 1947ರಲ್ಲಿ ಅದನ್ನೆಲ್ಲ ಲಂಡನ್ನಿನ ಹಾರ್ನಿಮನ್ ಮ್ಯೂಸಿಯಮ್ಮಿಗೆ ಕೊಟ್ಟುಬಿಟ್ಟರು.

ಒಂದೊಂದು ವಾದ್ಯಕ್ಕೆ ಒಂದೊಂದು

ನಿಮ್ಮ ಆಸಕ್ತಿ ಒಂದೇ ವಾದ್ಯದ ಮೇಲಿದ್ದರೆ ಯೇಲ್ ವಿಶ್ವವಿದ್ಯಾಲಯದ ಮುದ್ರಣಾಲಯ ತಂದಿರುವ ಸಾಲಿನ ಪುಸ್ತಕಗಳು ಈಗ ಮೊದಲ ಆಯ್ಕೆ. ಆರ್ಡಲ್ ಪವೆಲ್ ಅವರ 'ದಿ ಫ್ಲೂಟ್' 2002ರದ್ದು. ಜೆಫ್ರಿ ಬರ್ಜೆಸ್ ಮತ್ತು ಬ್ರೂಸ್ ಹೇನ್ಸ್ ಸೇರಿ ಬರೆದ 'ದಿ ಓಬೋ' 2004ರದ್ದು. ಎರಿಕ್ ಹೋಪ್ರಿಕ್ ಅವರ 'ದಿ ಕ್ಲಾರಿನೆಟ್' 2008ರಲ್ಲಿ ಬಂತು. ಜೇಮ್ಸ್ ಕಾಪ್ ಅವರ 'ದಿ ಬಸೂನ್' ಮತ್ತು ಸ್ಟೀಫನ್ ಕಾಟ್ರೆಲ್ ಅವರ 'ದಿ ಸ್ಯಾಕ್ಸೊಫೋನ್' ಎರಡೂ 2012ರಲ್ಲಿ. ಪವೆಲ್ ಕೊಳಲು ಮಾಡುವವರು, ಹೋಪ್ರಿಕ್ ಹಳೇ ಮಾದರಿಯ ಕ್ಲಾರಿನೆಟ್ ಮಾಡಿ ನುಡಿಸುವವರು. ಹಾಗಾಗಿ ಬರವಣಿಗೆಯಲ್ಲಿ ಕೈಕೆಲಸದ ಪರಿಚಯ ಕಾಣುತ್ತದೆ.

ಕರಾವಳಿಯವರಿಗೆ ಇವುಗಳಲ್ಲಿ ಕಾಟ್ರೆಲ್ ಪುಸ್ತಕವನ್ನು ವಿಶೇಷವಾಗಿ ಹೇಳುತ್ತೇನೆ. ಕದ್ರಿ ಗೋಪಾಲನಾಥ್ ಅವರಿಂದಾಗಿ ಸ್ಯಾಕ್ಸೊಫೋನ್ ನಮ್ಮದೇ ವಾದ್ಯವಾಗಿಬಿಟ್ಟಿದೆ, ದಕ್ಷಿಣ ಕನ್ನಡದಲ್ಲಿ ಅದಿಲ್ಲದ ಮದುವೆ ಅಪರೂಪ. ನಾಗಸ್ವರ ವಿದ್ವಾಂಸರ ಮಗನಾದ ಅವರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಈ ವಾದ್ಯ ಕೇಳಿ ಮನಸೋತರು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ಸಂಗೀತೋತ್ಸವದಲ್ಲಿ ಕರ್ನಾಟಕ ಸಂಗೀತವನ್ನು ಅದರಲ್ಲೇ ನುಡಿಸಿದರು. ಬೆಲ್ಜಿಯಮ್ಮಿನ ದಿನಾಂ ಊರಿನಲ್ಲಿ ಹುಟ್ಟಿದ ಅಡಾಲ್ಫ್ ಸ್ಯಾಕ್ಸ್ ಇದಕ್ಕೆ ಪೇಟೆಂಟ್ ಪಡೆದದ್ದು 1846ರಲ್ಲಿ. ಒಂಟಿ ರೀಡನ್ನು ಅಗಲವಾಗುತ್ತಾ ಹೋಗುವ ಕೊಳವೆಗೆ ಜೋಡಿಸಿದ್ದು ಅವರ ಜಾಣತನ. ಕ್ಲಾರಿನೆಟ್ಟಿನ ತಾರ ಪಂಚಮದ ತೊಡಕು ಇಲ್ಲಿ ಇಲ್ಲವೇ ಇಲ್ಲ, ಎರಡೂ ಸ್ಥಾಯಿಗೆ ಹೆಚ್ಚುಕಡಿಮೆ ಒಂದೇ ಬೆರಳು. ಸೈನ್ಯದ ಬ್ಯಾಂಡುಗಳಿಗೆ ಅದು ಬೇಗ ಹಿಡಿಸಿತು.

ಕ್ಲಾರಿನೆಟ್ಟಿನ ಆರಂಭದ ದಿನಗಳಿಗೆ ಆಲ್ಬರ್ಟ್ ರೈಸ್ ಅವರ 'ದಿ ಬರೋಕ್ ಕ್ಲಾರಿನೆಟ್' ಓದಬೇಕು. 'ಕ್ಲಾರಿನೆಟ್ ಕಂಡುಹಿಡಿದದ್ದು ನ್ಯೂರೆಂಬರ್ಗಿನ ಯೋಹಾನ್ ಕ್ರಿಸ್ಟೋಫ್ ಡೆನ್ನರ್' ಎನ್ನುವ ಸಾಲನ್ನು ನೀವು ಎಲ್ಲ ಕಡೆ ನೋಡಿರುತ್ತೀರಿ. ಈ ಮಾತಿನ ಮೂಲ ಡೊಪೆಲ್‌ಮಾಯರ್ ಎಂಬುವವರು 1730ರಲ್ಲಿ ನ್ಯೂರೆಂಬರ್ಗಿನ ಕುಶಲಕರ್ಮಿಗಳ ಬಗ್ಗೆ ಬರೆದ ಪುಸ್ತಕ. ಡೆನ್ನರ್ ತೀರಿಕೊಂಡದ್ದು 1707ರಲ್ಲಿ. ಅಂದರೆ 23 ವರ್ಷ ಆದಮೇಲೆ ಬರೆದ ಮಾತು. ಕ್ಲಾರಿನೆಟ್ ಬೇಕೆಂದು ಆರ್ಡರ್ ಕೊಟ್ಟ ಹಳೇ ಕಾಗದ 1710ರದ್ದು ಇದೆ, ಅದು ಅವರ ಮಗ ಯಾಕೋಬ್ ಡೆನ್ನರ್ ಹೆಸರಿನಲ್ಲಿದೆ. ತಂದೆಯೇ ಮಾಡಿದ್ದಿರಬಹುದು. ಆದರೆ ಒಳ್ಳೆಯ ಪುಸ್ತಕ ಈ ಎರಡು ಸಾಕ್ಷ್ಯಗಳನ್ನೂ ಓದುಗರ ಮುಂದಿಡುತ್ತದೆ. ಸಾಧಾರಣ ಪುಸ್ತಕ 'ಡೆನ್ನರ್ ಕಂಡುಹಿಡಿದರು' ಎಂದು ಬರೆದು ಮುಂದೆ ಹೋಗುತ್ತದೆ. ಹೊಸ ಪುಸ್ತಕ ಕೈಗೆ ಸಿಕ್ಕಾಗ ಈ ಒಂದು ಪುಟ ತೆರೆದು ನೋಡಿದರೂ ಸಾಕು, ಅದರ ಯೋಗ್ಯತೆ ಗೊತ್ತಾಗುತ್ತದೆ.

ಒಂದು ಜಗಳ, ಮೂರು ಪುಸ್ತಕ

ಒಂದೇ ಪುಸ್ತಕವನ್ನು ನಂಬಿದರೆ ಏನಾಗುತ್ತದೆ ಎನ್ನುವುದಕ್ಕೆ ಬೋಮ್ ಫ್ಲೂಟಿನ ಕತೆಯಷ್ಟು ಒಳ್ಳೆಯ ಉದಾಹರಣೆ ಇನ್ನೊಂದಿಲ್ಲ.

ಥಿಯೋಬಾಲ್ಡ್ ಬೋಮ್ ಮ್ಯೂನಿಕ್ಕಿನವರು, 1794ರಲ್ಲಿ ಹುಟ್ಟಿದವರು. ಅಕ್ಕಸಾಲಿಗರ ಮಗ, ತಾವೂ ಆ ಕೆಲಸ ಬಲ್ಲವರು, ಆಸ್ಥಾನದ ಆರ್ಕೆಸ್ಟ್ರಾದಲ್ಲಿ ಫ್ಲೂಟ್ ನುಡಿಸುತ್ತಿದ್ದವರು. 1831ರಲ್ಲಿ ಲಂಡನ್ನಿಗೆ ಹೋದಾಗ ಚಾರ್ಲ್ಸ್ ನಿಕಲ್ಸನ್ ಎಂಬ ಕಲಾವಿದರ ನಾದ ಕೇಳಿದರು. ನಿಕಲ್ಸನ್ ಫ್ಲೂಟಿನ ತೂತುಗಳು ಬೇರೆಯವರದ್ದಕ್ಕಿಂತ ದೊಡ್ಡವು, ನಾದವೂ ಹಾಗೇ ಭಾರಿ. ಅವರನ್ನು ಕೇಳದೇ ಇದ್ದಿದ್ದರೆ ಬೋಮ್ ಫ್ಲೂಟ್ ಬಹುಶಃ ಹುಟ್ಟುತ್ತಲೇ ಇರಲಿಲ್ಲ ಎನ್ನುವ ಅರ್ಥದಲ್ಲಿ ಬೋಮ್ 1871ರ ಒಂದು ಪತ್ರದಲ್ಲಿ ತಾವೇ ಬರೆದಿದ್ದಾರೆ.

ಅಲ್ಲಿಯವರೆಗೆ ತೂತುಗಳನ್ನು ಕೊರೆಯುತ್ತಿದ್ದದ್ದು ಬೆರಳು ಎಲ್ಲಿಗೆ ಎಟುಕುತ್ತದೋ ಅಲ್ಲಿ. ಬೋಮ್ ಅದನ್ನು ತಿರುಗಿಸಿದರು. ಶ್ರುತಿ ಸರಿಯಾಗಿ ಬರಬೇಕಾದರೆ ತೂತು ಎಲ್ಲಿರಬೇಕೋ ಅಲ್ಲೇ, ಸಾಕಷ್ಟು ದೊಡ್ಡದಾಗಿ ಕೊರೆಯುವುದು. ಬೆರಳು ಅಲ್ಲಿಗೆ ಎಟುಕದಿದ್ದರೆ ಉಂಗುರದಂಥ ಕೀ ಮತ್ತು ಉದ್ದನೆಯ ಕಡ್ಡಿಗಳಿಂದ ಎಟುಕುವಂತೆ ಮಾಡುವುದು. 1832ರಲ್ಲಿ ಹೀಗೆ ಮೊದಲ ಮಾದರಿ ಬಂತು. 1847ರಲ್ಲಿ ಕೊಳವೆಯ ಒಳಭಾಗವನ್ನೂ ಬದಲಾಯಿಸಿ, ಒಂದೇ ಅಗಲದ ಲೋಹದ ಕೊಳವೆ ಮಾಡಿದರು. ಇಂದು ಆರ್ಕೆಸ್ಟ್ರಾಗಳಲ್ಲಿ ಕಾಣುವ ಫ್ಲೂಟ್ ಮೂಲತಃ ಅದೇ.

ಈಗ ಜಗಳ. ಕ್ಯಾಪ್ಟನ್ ಗಾರ್ಡನ್ ಎಂಬ ಸೈನ್ಯದ ಅಧಿಕಾರಿಯೂ ಅದೇ ದಿನಗಳಲ್ಲಿ ಫ್ಲೂಟನ್ನು ಸುಧಾರಿಸಲು ಹೊರಟಿದ್ದರು. ಬೋಮ್ ಅವರಿಗೂ ಇವರಿಗೂ ಪರಿಚಯ ಇತ್ತು. ಗಾರ್ಡನ್ ಯೋಚನೆಯನ್ನೇ ಬೋಮ್ ಕದ್ದರು ಎಂದು 1830ರ ದಶಕದ ಕೊನೆಯಲ್ಲಿ ಪ್ಯಾರಿಸ್ಸಿನಲ್ಲಿ ಮಾತು ಎದ್ದಿತು. ಅದು ಅರ್ಧ ಶತಮಾನ ತಣ್ಣಗಾಗಲಿಲ್ಲ. 1883ರಲ್ಲಿ ಕ್ರಿಸ್ಟೋಫರ್ ವೆಲ್ಚ್ 'ಹಿಸ್ಟರಿ ಆಫ್ ದಿ ಬೋಮ್ ಫ್ಲೂಟ್' ಬರೆದು ಬೋಮ್ ಪರ ವಾದಿಸಿದರು. 1890ರಲ್ಲಿ ರಿಚರ್ಡ್ ರಾಕ್‌ಸ್ಟ್ರೋ ಫ್ಲೂಟಿನ ಬಗ್ಗೆ ಒಂದು ದೊಡ್ಡ ಗ್ರಂಥ ತಂದು ಬೋಮ್ ವಿರುದ್ಧ, ಗಾರ್ಡನ್ ಪರ ಬರೆದರು. ರಾಕ್‌ಸ್ಟ್ರೋ ಪುಸ್ತಕದಲ್ಲಿ ಬೇರೆಲ್ಲೂ ಸಿಗದ ಮಾಹಿತಿ ರಾಶಿ ಇದೆ. ಆದರೆ ಅವರ ಹೆಸರಿನದ್ದೇ ಒಂದು ಫ್ಲೂಟ್ ಮಾದರಿ ಆಗ ಮಾರುಕಟ್ಟೆಯಲ್ಲಿತ್ತು ಎನ್ನುವುದನ್ನು ಮರೆಯದೆ ಓದಬೇಕು. ಒಂದನ್ನೇ ಓದಿದವರು ಬೋಮ್ ಮಹಾತ್ಮ ಎಂದುಕೊಳ್ಳುತ್ತಾರೆ, ಇನ್ನೊಂದನ್ನೇ ಓದಿದವರು ಕಳ್ಳ ಎಂದುಕೊಳ್ಳುತ್ತಾರೆ.

ಮೂರನೆಯದು ಬೋಮ್ ಅವರೇ 1871ರಲ್ಲಿ ಜರ್ಮನ್ ಭಾಷೆಯಲ್ಲಿ ಬರೆದ ಚಿಕ್ಕ ಪುಸ್ತಕ. ತೂತುಗಳ ಜಾಗ ಹೇಗೆ ಲೆಕ್ಕ ಹಾಕಿದೆ, ಯಾವ ಲೋಹ ಯಾಕೆ, ಬೆರಳು ಹೇಗಿಡಬೇಕು ಎಂದು ತಾಳ್ಮೆಯಿಂದ ಹೇಳುತ್ತಾ ಹೋಗುತ್ತಾರೆ. ಡೇಟನ್ ಮಿಲ್ಲರ್ ಎಂಬ ಅಮೆರಿಕದ ಭೌತವಿಜ್ಞಾನಿ ಇದನ್ನು 'ದಿ ಫ್ಲೂಟ್ ಆಂಡ್ ಫ್ಲೂಟ್ ಪ್ಲೇಯಿಂಗ್' ಎಂದು ಇಂಗ್ಲಿಷಿಗೆ ತಂದರು. ಮಿಲ್ಲರ್ 1941ರಲ್ಲಿ ತೀರಿಕೊಂಡಾಗ ತಮ್ಮ ಸುಮಾರು 1,700 ಕೊಳಲುಗಳನ್ನು ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್ಸಿಗೆ ಬರೆದುಕೊಟ್ಟಿದ್ದರು. ಅವುಗಳ ಚಿತ್ರಗಳನ್ನು ಈಗ ಮನೆಯಲ್ಲೇ ಕೂತು ನೋಡಬಹುದು. ಮೂರೂ ಪುಸ್ತಕಗಳ ಕೃತಿಸ್ವಾಮ್ಯ ಮುಗಿದಿದೆ, ಇಂಟರ್‌ನೆಟ್ ಆರ್ಕೈವ್‌ನಲ್ಲಿ ಹುಡುಕಿದರೆ ಸಿಗುತ್ತವೆ. ಓದಿ ಮುಗಿಸಿದ ಮೇಲೆ ಪವೆಲ್ ಪುಸ್ತಕದಲ್ಲಿ ಈ ಜಗಳದ ಬಗ್ಗೆ ಏನಿದೆ ಎಂದು ನೋಡಿ. ಆ ಕ್ರಮದಲ್ಲಿ ಓದುವುದರ ರುಚಿಯೇ ಬೇರೆ.

ಆ ಕಾಲದವರೇ ಬರೆದದ್ದು

ಚರಿತ್ರೆಯ ಪುಸ್ತಕಗಳು ಯಾವುದರ ಮೇಲೆ ನಿಂತಿವೆಯೋ ಆ ಮೂಲಗಳನ್ನು ಒಮ್ಮೆಯಾದರೂ ಕಣ್ಣಾರೆ ನೋಡಬೇಕು. ಭಾಷೆ ಬರದಿದ್ದರೂ ಪರವಾಗಿಲ್ಲ, ಚಿತ್ರಗಳೇ ಸಾಕಷ್ಟು ಹೇಳುತ್ತವೆ.

1511ರಲ್ಲಿ ಬಾಸೆಲ್ಲಿನಲ್ಲಿ ಅಚ್ಚಾದ ಸೆಬಾಸ್ಟಿಯನ್ ವಿರ್ಡುಂಗ್ ಅವರ 'ಮ್ಯೂಸಿಕಾ ಗೆಟುಚ್ಟ್' ಯುರೋಪಿನಲ್ಲಿ ವಾದ್ಯಗಳ ಬಗ್ಗೆ ಅಚ್ಚಾದ ಮೊದಲ ಪುಸ್ತಕ. ಇಬ್ಬರು ಮಾತಾಡಿಕೊಳ್ಳುವ ಹಾಗೆ ಬರೆದಿದ್ದಾರೆ. ಅದಾಗಿ ನೂರು ವರ್ಷ ಕಳೆದ ಮೇಲೆ ಬಂದದ್ದು ಮಿಖಾಯೆಲ್ ಪ್ರಿಟೋರಿಯಸ್ ಅವರ 'ಸಿಂಟಾಗ್ಮಾ ಮ್ಯೂಸಿಕಮ್' ಎರಡನೇ ಸಂಪುಟ. ಅದರ ಜೊತೆಗಿನ ಚಿತ್ರಪುಟಗಳು 1620ರವು. ನನ್ನ ಮಟ್ಟಿಗೆ ಈ ಇಡೀ ಕ್ಷೇತ್ರದಲ್ಲಿ ಅದಕ್ಕಿಂತ ಬೆಲೆಬಾಳುವ ಚಿತ್ರಗಳಿಲ್ಲ. ಕಾರಣ ಒಂದು ಸಣ್ಣ ವಿವರ: ಪುಟದ ಮೇಲೆ ಅಳತೆಪಟ್ಟಿಯನ್ನೂ ಬರೆದಿದ್ದಾರೆ. ವಾದ್ಯಗಳನ್ನು ಆ ಅಳತೆಗೆ ಸರಿಯಾಗಿ ಚಿತ್ರಿಸಿದ್ದಾರೆ. ಅಂಗೈಯಲ್ಲಿ ಹಿಡಿಸುವ ರೆಕಾರ್ಡರಿನಿಂದ (ತುದಿಯಿಂದ ಊದುವ ನೆಟ್ಟನೆಯ ಕೊಳಲು) ಹಿಡಿದು ಆಳೆತ್ತರದ ರೆಕಾರ್ಡರಿನವರೆಗೆ ಇಡೀ ಕುಟುಂಬವೇ ಒಂದು ಪುಟದಲ್ಲಿ ನಿಂತಿದೆ. ಪಟ್ಟಿ ಇಟ್ಟು ಅಳೆದರೆ ಉದ್ದ ಗೊತ್ತಾಗುತ್ತದೆ, ಉದ್ದದಿಂದ ಶ್ರುತಿಯನ್ನು ಅಂದಾಜು ಮಾಡಬಹುದು. ಇಪ್ಪತ್ತನೇ ಶತಮಾನದಲ್ಲಿ ಮರೆತುಹೋಗಿದ್ದ ವಾದ್ಯಗಳನ್ನು ಮತ್ತೆ ಮಾಡಲು ಹೊರಟವರಿಗೆ ಈ ಪುಟಗಳು ಬಹಳ ನೆರವಾದವು.

ಫ್ಲೂಟಿಗೆ ಬಂದರೆ, ಪ್ಯಾರಿಸ್ಸಿನ ಒತ್ತೆತೇರ್ 1707ರಲ್ಲಿ ಬರೆದ ಪಾಠಪುಸ್ತಕ ಇದೆ. ಆಮೇಲೆ 1752ರಲ್ಲಿ ಯೋಹಾನ್ ಯೋಆಕಿಮ್ ಕ್ವಾಂಟ್ಸ್ ಬರ್ಲಿನ್ನಿನಲ್ಲಿ ತಂದ ದೊಡ್ಡ ಗ್ರಂಥ. ಕ್ವಾಂಟ್ಸ್ ಪ್ರಷ್ಯದ ದೊರೆ ಫ್ರೆಡರಿಕ್‌ಗೆ ಗುರು. ಎಡ್ವರ್ಡ್ ರೈಲಿ 1966ರಲ್ಲಿ ಇದನ್ನು 'ಆನ್ ಪ್ಲೇಯಿಂಗ್ ದಿ ಫ್ಲೂಟ್' ಎಂದು ಇಂಗ್ಲಿಷಿಗೆ ತಂದರು. ಹೆಸರಿಗೆ ಫ್ಲೂಟಿನ ಪುಸ್ತಕ, ಒಳಗೆ ಬಹುಪಾಲು ಇರುವುದು ಸಂಗೀತ ನುಡಿಸುವ ರೀತಿ ನೀತಿ. ಕ್ವಾಂಟ್ಸ್ ಫ್ಲೂಟಿಗೆ ಎರಡು ಕೀ. ಒಂದು ಡಿ ಶಾರ್ಪ್‌ಗೆ, ಇನ್ನೊಂದು ಇ ಫ್ಲಾಟ್‌ಗೆ. ಇಂದಿನ ಹಾರ್ಮೋನಿಯಮ್ಮಿನಲ್ಲಿ ಇವೆರಡೂ ಒಂದೇ ಮನೆ. ಕ್ವಾಂಟ್ಸ್ ಕಿವಿಗೆ ಎರಡೂ ಬೇರೆ ಬೇರೆ, ಬೇರೆಯಾಗಿಯೇ ಕೇಳಿಸಬೇಕು. ಶ್ರುತಿಗಳ ಸೂಕ್ಷ್ಮ ವ್ಯತ್ಯಾಸದ ಪಾಠ ಆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಕಡೆಯ ಪುಸ್ತಕಗಳು

ಯುರೋಪಿನವರು ಅರ್ಧ ಸ್ವರ ಬೇಕಾದಾಗಲೆಲ್ಲ ಒಂದು ತೂತು, ಒಂದು ಕೀ ಸೇರಿಸುತ್ತಾ ಹೋದರು. ನಮ್ಮವರು ಆ ಕೆಲಸವನ್ನು ಬೆರಳಿಗೇ ಬಿಟ್ಟರು. ಇದು ಈಚಿನ ರೂಢಿಯೇನೂ ಅಲ್ಲ. ಭರತನ ನಾಟ್ಯಶಾಸ್ತ್ರದ 30ನೇ ಅಧ್ಯಾಯ ಸುಷಿರ, ಅಂದರೆ ಊದುವ ವಾದ್ಯದ್ದು, ಪುಟ್ಟದು. ಅಲ್ಲಿ ವಂಶ ಅಂದರೆ ಕೊಳಲಿನ ಬಗ್ಗೆ ಹೇಳುವಾಗ ಬೆರಳಿನ ಲೆಕ್ಕ ಬರುತ್ತದೆ. ಇಲ್ಲಿ ಶ್ರುತಿ ಎಂದರೆ ಸ್ವರಗಳ ನಡುವಿನ ಸಣ್ಣ ಅಂತರದ ಅಳತೆ. ಬೆರಳು ಪೂರ್ತಿ ಎತ್ತಿದರೆ ನಾಲ್ಕು ಶ್ರುತಿಯ ಸ್ವರ, ಬೆರಳು ಅಲುಗುತ್ತಿದ್ದರೆ ಮೂರು ಶ್ರುತಿಯದ್ದು, ಅರ್ಧ ತೆರೆದರೆ ಎರಡು ಶ್ರುತಿಯದ್ದು. ಕ್ಲಾರಿನೆಟ್ಟಿನ ಕೀಗಳಿಗೂ ನಮ್ಮ ಬರಿಗೊಳಲಿಗೂ ಇರುವ ದೊಡ್ಡ ವ್ಯತ್ಯಾಸ ಈ ಮಾತಿನಲ್ಲಿದೆ.

ಮುಂದೆ, ಕಲ್ಯಾಣ ಚಾಲುಕ್ಯರ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆಸಿದ ಮಾನಸೋಲ್ಲಾಸದಲ್ಲಿ ವಾದ್ಯವಿನೋದ ಎಂಬ ಭಾಗವಿದೆ. ನಮ್ಮ ಬಸವಕಲ್ಯಾಣದ ಆಸ್ಥಾನದ ಪುಸ್ತಕ ಇದು. 13ನೇ ಶತಮಾನದಲ್ಲಿ ಶಾರ್ಙ್ಗದೇವ ಬರೆದ ಸಂಗೀತರತ್ನಾಕರದ ಆರನೇ ಅಧ್ಯಾಯ ಪೂರ್ತಿ ವಾದ್ಯಗಳದ್ದೇ. ಅಲ್ಲಿ ಕೊಳಲುಗಳಿಗೆ ಹೆಸರಿಟ್ಟಿರುವ ರೀತಿ ನೋಡಿ. ಊದುವ ತೂತಿಗೂ ಅದರ ಪಕ್ಕದ ಬೆರಳು ತೂತಿಗೂ ನಡುವೆ ಎಷ್ಟು ಅಂಗುಲ ಎನ್ನುವುದೇ ಆಧಾರ. ಒಂದಂಗುಲವಿದ್ದರೆ ಏಕವೀರ, ಎರಡಿದ್ದರೆ ಉಮಾಪತಿ, ಮೂರಿದ್ದರೆ ತ್ರಿಪುರುಷ, ನಾಲ್ಕಿದ್ದರೆ ಚತುರ್ಮುಖ. ಹೀಗೆ ಮುಂದುವರಿದು ಹನ್ನೊಂದಕ್ಕೆ ರುದ್ರ, ಹನ್ನೆರಡಕ್ಕೆ ಆದಿತ್ಯ. ಹೆಸರಿನಲ್ಲೇ ಅಳತೆ ಇದೆ. ವಾದ್ಯ ಮಾಡುವವರಿಗೆ ಬೇಕಾದದ್ದು ಇಂಥ ಮಾಹಿತಿಯೇ.

ಭರತ ವಾದ್ಯಗಳನ್ನು ತತ (ತಂತಿಯವು), ಅವನದ್ಧ (ಚರ್ಮ ಬಿಗಿದವು), ಘನ (ತಾಳದಂಥ ಗಟ್ಟಿ ವಾದ್ಯಗಳು), ಸುಷಿರ ಎಂದು ನಾಲ್ಕು ಮಾಡಿದ್ದು ಬಹಳ ಜನರಿಗೆ ಗೊತ್ತು. ಆ ಕ್ರಮ ಯುರೋಪಿಗೆ ಹೋಗಿ ಸೇರಿದ ದಾರಿಯ ಬಗ್ಗೆ ಅಷ್ಟು ಜನ ಕೇಳಿಲ್ಲ. ಕಲ್ಕತ್ತದ ರಾಜಾ ಸೌರೀಂದ್ರ ಮೋಹನ ಟಾಗೋರ್ 1876ರಲ್ಲಿ ಬೆಲ್ಜಿಯಮ್ಮಿನ ದೊರೆಗೆ ಭಾರತದ ವಾದ್ಯಗಳ ಒಂದು ದೊಡ್ಡ ಸಂಗ್ರಹವನ್ನು ಉಡುಗೊರೆ ಕಳಿಸಿದರು. ಅದು ಬ್ರಸೆಲ್ಸ್ ಸಂಗೀತ ಶಾಲೆಯ ಮ್ಯೂಸಿಯಮ್ಮಿಗೆ ಹೋಯಿತು. ಅದರ ಉಸ್ತುವಾರಿ ವಿಕ್ಟರ್ ಮಹಿಯೋಂ ಅವರದ್ದು. ಅವರು 1880ರಲ್ಲಿ ತಮ್ಮ ಪಟ್ಟಿಯನ್ನು ಅಚ್ಚು ಹಾಕಿಸಿದಾಗ ಎಲ್ಲ ವಾದ್ಯಗಳನ್ನೂ ಹೀಗೇ ನಾಲ್ಕು ಗುಂಪು ಮಾಡಿದರು. ಆ ಪಟ್ಟಿಯನ್ನೇ ಬೆಳೆಸಿ 1914ರಲ್ಲಿ ಎರಿಕ್ ಫಾನ್ ಹಾರ್ನ್‌ಬಾಸ್ಟೆಲ್ ಮತ್ತು ಕುರ್ಟ್ ಸಾಕ್ಸ್ ಒಂದೊಂದು ಬಗೆಗೂ ಸಂಖ್ಯೆ ಕೊಟ್ಟರು. ಇಂದು ಜಗತ್ತಿನ ಮ್ಯೂಸಿಯಮ್ಮುಗಳು ಬಳಸುವುದು ಅದನ್ನೇ. 422.112 ಎಂದರೆ ಎರಡು ಪದರದ ರೀಡ್, ಅಗಲವಾಗುತ್ತಾ ಹೋಗುವ ಕೊಳವೆ. ಓಬೋ, ಶಹನಾಯಿ, ನಾಗಸ್ವರ ಮೂರೂ ಇದೇ ಸಂಖ್ಯೆಯಡಿ ಬರುತ್ತವೆ. ಸಾಕ್ಸ್ ಅವರ 1940ರ 'ದಿ ಹಿಸ್ಟರಿ ಆಫ್ ಮ್ಯೂಸಿಕಲ್ ಇನ್‌ಸ್ಟ್ರುಮೆಂಟ್ಸ್' ಇಡೀ ಲೋಕದ ವಾದ್ಯಗಳನ್ನು ಒಟ್ಟಿಗೆ ನೋಡುತ್ತದೆ. ನಮ್ಮವರು ಬೇನ್ಸ್ ಜೊತೆಗೆ ಇದನ್ನೂ ಇಟ್ಟುಕೊಳ್ಳಬೇಕು.

ಇನ್ನೊಂದು ಹೆಸರನ್ನು ಬಿಡುವಂತಿಲ್ಲ: ಕ್ಯಾಪ್ಟನ್ ಚಾರ್ಲ್ಸ್ ರಸೆಲ್ ಡೇ. ಬ್ರಿಟಿಷ್ ಸೈನ್ಯದ ಅಧಿಕಾರಿ. 1891ರಲ್ಲಿ ಅವರ ಎರಡು ಪುಸ್ತಕ ಬಂದವು. ಒಂದು ದಕ್ಷಿಣ ಭಾರತ ಮತ್ತು ದಖ್ಖನ್ನಿನ ಸಂಗೀತ, ವಾದ್ಯಗಳ ಬಗ್ಗೆ, ಸೊಗಸಾದ ಬಣ್ಣದ ಚಿತ್ರಪುಟಗಳಿರುವಂಥದ್ದು. ಇನ್ನೊಂದು 1890ರಲ್ಲಿ ಲಂಡನ್ನಿನಲ್ಲಿ ನಡೆದ ಸೈನಿಕ ಪ್ರದರ್ಶನದಲ್ಲಿಟ್ಟ ವಾದ್ಯಗಳ ವಿವರವಾದ ಪಟ್ಟಿ. ಈ ಎರಡನೆಯದು ಯುರೋಪಿನ ವುಡ್‌ವಿಂಡ್ ಚರಿತ್ರೆಯಲ್ಲಿ ಇಂದಿಗೂ ತಿರುಗಿ ನೋಡುವ ಪುಸ್ತಕ. ನಾಗಸ್ವರವನ್ನೂ ಓಬೋವನ್ನೂ ಒಂದೇ ಶ್ರದ್ಧೆಯಿಂದ ದಾಖಲಿಸಿದ ಇಂಥವರು ಅಪರೂಪ. ಡೇ 1900ರಲ್ಲಿ, ನಲವತ್ತರ ಆಸುಪಾಸಿನಲ್ಲೇ, ದಕ್ಷಿಣ ಆಫ್ರಿಕದ ಯುದ್ಧದಲ್ಲಿ ತೀರಿಕೊಂಡರು. ವಸಾಹತು ಕಾಲದ ನೋಟ ಅಲ್ಲಲ್ಲಿ ಇಣುಕುತ್ತದೆ, ನಿಜ. ಆದರೂ 130 ವರ್ಷಗಳ ಹಿಂದೆ ನಮ್ಮ ಮುಖವೀಣೆ (ನಾಗಸ್ವರದಂಥದ್ದೇ ಚಿಕ್ಕ ವಾದ್ಯ), ನಾಗಸ್ವರ ಹೇಗಿದ್ದವು ಎಂದು ನೋಡಬೇಕಾದರೆ ಮೊದಲು ತೆರೆಯಬೇಕಾದ ಪುಸ್ತಕಗಳಲ್ಲಿ ಅವರ ದಕ್ಷಿಣ ಭಾರತದ ಪುಸ್ತಕವೂ ಒಂದು.

ಸ್ವಾತಂತ್ರ್ಯಾನಂತರದವುಗಳಲ್ಲಿ ಎಸ್. ಕೃಷ್ಣಸ್ವಾಮಿ ಅವರ 'ಮ್ಯೂಸಿಕಲ್ ಇನ್‌ಸ್ಟ್ರುಮೆಂಟ್ಸ್ ಆಫ್ ಇಂಡಿಯಾ' 1965ರಲ್ಲಿ ಕೇಂದ್ರ ಸರ್ಕಾರದ ಪ್ರಕಟಣಾ ವಿಭಾಗದಿಂದ ಬಂತು. ಮೊದಲ ಪರಿಚಯಕ್ಕೆ ಸರಿ. ಅದಕ್ಕಿಂತ ಆಳ ಬೇಕಾದರೆ ಬಿ. ಚೈತನ್ಯ ದೇವ ಅವರ 1978ರ ಪುಸ್ತಕ, ಹೆಸರು ಅದೇ. ಅಷ್ಟು ದೊಡ್ಡದು ಬೇಡ ಎನ್ನುವವರಿಗೆ ನ್ಯಾಷನಲ್ ಬುಕ್ ಟ್ರಸ್ಟ್ ತಂದ ಅವರದ್ದೇ ಚಿಕ್ಕ ಪುಸ್ತಕವಿದೆ.

ಮನೆಯಲ್ಲಿ ಹಳೇ ಕ್ಲಾರಿನೆಟ್ ಇದ್ದರೆ

ನಮ್ಮ ಊರುಗಳ ಬ್ಯಾಂಡ್ ಸೆಟ್‌ಗಳಲ್ಲಿ, ಅಜ್ಜ ನುಡಿಸುತ್ತಿದ್ದ ಪೆಟ್ಟಿಗೆಗಳಲ್ಲಿ ಹಳೇ ವಿದೇಶಿ ಕ್ಲಾರಿನೆಟ್, ಫ್ಲೂಟುಗಳು ಈಗಲೂ ಸಿಗುತ್ತವೆ. ಇಂಥದ್ದು ಇದ್ದರೆ ಮೇಲಿನ ಯಾವ ಪುಸ್ತಕವೂ ನೇರವಾಗಿ ಉಪಯೋಗಕ್ಕೆ ಬರುವುದಿಲ್ಲ. ಬೇಕಾದದ್ದು ತಯಾರಕರ ಪಟ್ಟಿ. ಎಡಿನ್‌ಬರೋದ ಲಿಂಡ್ಸೆ ಲ್ಯಾಂಗ್‌ವಿಲ್ 1960ರಲ್ಲಿ ಊದುವ ವಾದ್ಯ ಮಾಡುವವರ ಹೆಸರುಗಳನ್ನೆಲ್ಲ ಅಕಾರಾದಿಯಾಗಿ ಜೋಡಿಸಿ ಪುಸ್ತಕ ಮಾಡಿದರು. ಅದನ್ನು ಹೊಸದಾಗಿ ಹಿಗ್ಗಿಸಿ ವಿಲಿಯಂ ವಾಟರ್‌ಹೌಸ್ 1993ರಲ್ಲಿ 'ದಿ ನ್ಯೂ ಲ್ಯಾಂಗ್‌ವಿಲ್ ಇಂಡೆಕ್ಸ್' ತಂದರು. ಇಬ್ಬರೂ ಬಸೂನ್ ನುಡಿಸುವವರು. ಬೇನ್ಸ್ ಕೂಡ ಬಸೂನಿನವರೇ ಎನ್ನುವುದು ನೆನಪಿದೆ ಅಲ್ವಾ? ಆರ್ಕೆಸ್ಟ್ರಾದ ಹಿಂದಿನ ಸಾಲಿನಲ್ಲಿ ಕೂರುವವರು ಈ ಚರಿತ್ರೆಗೆ ಎಷ್ಟೊಂದು ದುಡಿದಿದ್ದಾರೆ!

ವಾದ್ಯವನ್ನು ಬಿಚ್ಚಿ, ಒಂದೊಂದು ತುಂಡಿನ ಮೇಲೂ ಒತ್ತಿರುವ ಮುದ್ರೆಯನ್ನು ಬೆಳಕಿಗೆ ಹಿಡಿದು ಓದಿ. ಹೆಸರು, ಊರು, ಬೀದಿ, ನಕ್ಷತ್ರ, ಕಿರೀಟ, ಸಂಖ್ಯೆ ಏನಿದ್ದರೂ ಹಾಗೆಹಾಗೇ ಬರೆದುಕೊಳ್ಳಿ. ಬೀದಿಯ ಹೆಸರನ್ನು ಬಿಡಬೇಡಿ. ಅಂಗಡಿ ಯಾವ ವರ್ಷ ಯಾವ ಬೀದಿಯಲ್ಲಿತ್ತು ಎನ್ನುವುದರಿಂದಲೇ ಎಷ್ಟೋ ವಾದ್ಯಗಳ ಕಾಲ ಗೊತ್ತಾಗಿದೆ. 'ಎಚ್.ಪಿ.' ಎಂಬ ಎರಡಕ್ಷರ ಇದ್ದರೆ ಅದು 'ಹೈ ಪಿಚ್'. ಬ್ರಿಟಿಷ್ ಸೈನ್ಯದ ಬ್ಯಾಂಡುಗಳು ಬಹುಕಾಲ ಬಳಸಿದ, ಈಗಿನ 440 ಹರ್ಟ್ಸ್‌ಗಿಂತ (ಸೆಕೆಂಡಿಗೆ ಅಷ್ಟು ಕಂಪನ) ಏರಿದ, ಸುಮಾರು 452ರ ಶ್ರುತಿ ಅದು. ಅಂಥ ಕ್ಲಾರಿನೆಟ್ ಹಾರ್ಮೋನಿಯಮ್ಮಿನ ಜೊತೆ, ಅದರ ತುಂಡುಗಳನ್ನು ಎಷ್ಟು ಎಳೆದು ಉದ್ದ ಮಾಡಿದರೂ ಕೂಡುವುದಿಲ್ಲ. ವಾದ್ಯ ಕೆಟ್ಟಿದೆ ಎಂದು ಸುಮ್ನೆ ರಿಪೇರಿಗೆ ದುಡ್ಡು ಸುರಿಯಬೇಡಿ, ಅದು ಹುಟ್ಟಿದ್ದೇ ಆ ಶ್ರುತಿಗೆ. ಊರಿಂದೂರಿಗೆ, ಕಾಲದಿಂದ ಕಾಲಕ್ಕೆ ಶ್ರುತಿ ಹೇಗೆಲ್ಲ ಏರಿಳಿಯಿತು ಎನ್ನುವುದರ ಬಗ್ಗೆಯೂ ಬ್ರೂಸ್ ಹೇನ್ಸ್ ಅವರದ್ದೇ ಪುಸ್ತಕ ಇದೆ, 2002ರ 'ಎ ಹಿಸ್ಟರಿ ಆಫ್ ಪರ್ಫಾರ್ಮಿಂಗ್ ಪಿಚ್'. ತಂತಿಯನ್ನು ಬೇಕಾದಷ್ಟು ಬಿಗಿ ಮಾಡಬಹುದು, ಸಡಿಲ ಮಾಡಬಹುದು. ಮರದಲ್ಲಿ ಒಮ್ಮೆ ಕೊರೆದ ತೂತು ಅಲ್ಲೇ ಇರುತ್ತದೆ. ಹಾಗಾಗಿ ಹೇನ್ಸ್ ಹಳೇ ಕಾಲದ ಶ್ರುತಿಗೆ ಊದುವ ವಾದ್ಯಗಳನ್ನು ದೊಡ್ಡ ಸಾಕ್ಷಿಯಾಗಿ ಹಿಡಿಯುತ್ತಾರೆ.

'ನ್ಯೂ ಗ್ರೋವ್' ವಾದ್ಯಕೋಶದ ಮೂರು ಸಂಪುಟಗಳು 1984ರಲ್ಲಿ ಬಂದವು, ಅದು 2014ರಲ್ಲಿ ಐದು ಸಂಪುಟಗಳಾಗಿ ಬೆಳೆಯಿತು. ಬೆಲೆ ದುಬಾರಿ. ಸ್ವಂತಕ್ಕೆ ಕೊಳ್ಳುವ ಮಾತು ಬಿಡಿ, ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ವಿಚಾರಿಸಿ. ಗಾಲ್ಪಿನ್ ಸೊಸೈಟಿಯ ಪತ್ರಿಕೆ 1948ರಿಂದ ಬರುತ್ತಿದೆ. ಅದರ ಹಳೇ ಸಂಚಿಕೆಗಳು ಜೆಸ್ಟೋರ್ ಎಂಬ ಆನ್‌ಲೈನ್ ಪತ್ರಿಕಾ ಸಂಗ್ರಹದಲ್ಲಿವೆ. ನಿಮ್ಮ ಕ್ಲಾರಿನೆಟ್ಟಿನ ಮೇಲಿನ ಹೆಸರನ್ನು ಮೊದಲು ವಾಟರ್‌ಹೌಸ್ ಪಟ್ಟಿಯಲ್ಲಿ, ಆಮೇಲೆ ಆ ಪತ್ರಿಕೆಯಲ್ಲಿ ಹುಡುಕಿ.